ಅಪ್‌ಡೇಟ್: ಬಿಗ್ ಐಲೆಂಡ್‌ನಲ್ಲಿ ಕೊನೆಗೆ ಎಲ್ಲಿ ಉಳಿದೆವು

ಹವಾಯಿಯ ಬಿಗ್ ಐಲೆಂಡ್‌ನಲ್ಲಿ ಆರು ರಾತ್ರಿ ಪಶ್ಚಿಮ ತೀರದ ಕೋನಾದಲ್ಲಿ ಉಳಿಯೋದಾ, ಪೂರ್ವ ತೀರದ ಹೀಲೋದಲ್ಲಿ ಉಳಿಯೋದಾ ಅಂತ ಕೇಳಿದ್ದೆ. ಹೋಗಿ ಬಂದೆವು. ಒಂದೇ ಕಡೆ ಬೇಡ ಅಂದವರಿಗೆ ಥ್ಯಾಂಕ್ಸ್. ಕೋನಾದಿಂದ ಜ್ವಾಲಾಮುಖಿ ಪಾರ್ಕಿಗೆ ಕಾರಲ್ಲಿ ಎರಡು ಗಂಟೆ ಹಿಡಿಯುತ್ತದೆ, ಹೀಲೋದಿಂದ ಮುಕ್ಕಾಲು ಗಂಟೆ.

ಮೂರು ರಾತ್ರಿ ಕೋನಾ. ಬಿಸಿಲು, ಸಮುದ್ರ, ಕಾಫಿ. ಆಮೇಲೆ ಎರಡು ರಾತ್ರಿ ಪಾರ್ಕಿನ ಪಕ್ಕದಲ್ಲೇ ಇರುವ ವಾಲ್ಕೇನೋ ಹಳ್ಳಿ. ಸುಮಾರು 1,200 ಮೀಟರ್ ಎತ್ತರ, ಸ್ವೆಟರ್ ಬೇಕೇ ಬೇಕು. (ಹವಾಯಿಗೆ ಸ್ವೆಟರಾ ಅಂತ ನಕ್ಕಿದ್ದ ನಮ್ಮ ಯಜಮಾನರು ನನ್ನ ಶಾಲು ಹೊದ್ದು ಕೂತರು!) ಬೆಳಿಗ್ಗೆ ಆರಕ್ಕೆ ನೆಲದ ಬಿರುಕಿನಿಂದ ಹಬೆ ಏಳುತ್ತಿತ್ತು. ಬಗ್ಗಿ ನೋಡಿದರೆ ಕನ್ನಡಕ ಪೂರ್ತಿ ಮಬ್ಬು.

ಕೊನೆಯ ರಾತ್ರಿ ಹೀಲೋ. ಮಳೆಗೆ ತಯಾರಾಗಿದ್ದೆವು, ಕೋಕೀ ಕಪ್ಪೆಗಳಿಗಲ್ಲ. ಇಷ್ಟೇ ಇಷ್ಟು ಕಪ್ಪೆ, ರಾತ್ರಿಯಿಡೀ ‘ಕೋ-ಕೀ, ಕೋ-ಕೀ’. ಕಿವಿಗೆ ಹತ್ತಿ ತಗೊಂಡು ಹೋಗಿ.