ವಕೀಲರನ್ನು ಕೇಳಿ: ಪೊಲೀಸರ ಮೇಲಿನ ದೂರು

ರವಿ: ಮೇಡಂ, ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆದರೆ ಎಸ್‌ಐ ಸಸ್ಪೆಂಡ್ ಆಗ್ತಾರಾ?

ವಕೀಲೆ: ಪ್ರಾಧಿಕಾರ ಸಸ್ಪೆಂಡ್ ಮಾಡುವುದಿಲ್ಲ. ವಿಚಾರಿಸಿ ಶಿಫಾರಸು ಮಾಡುತ್ತದೆ, ಕ್ರಮ ಇಲಾಖೆಯದು. ಶಿಫಾರಸು ಪಾಲಿಸಲೇಬೇಕು ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಡಿವೈಎಸ್‌ಪಿವರೆಗಿನವರ ಮೇಲೆ ಜಿಲ್ಲಾ ಪ್ರಾಧಿಕಾರ, ಎಸ್‌ಪಿ ಮತ್ತು ಮೇಲಿನವರ ಮೇಲೆ ರಾಜ್ಯ ಪ್ರಾಧಿಕಾರ ಎಂಬುದೂ ಅದೇ ತೀರ್ಪು.

ಲತಾ: ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ದುಡ್ಡು ಕೇಳಿದರು. ಅಲ್ಲಿಗೇ ಬರೆಯಬೇಕಾ?

ವಕೀಲೆ: ಲಂಚಕ್ಕೆ ಲೋಕಾಯುಕ್ತ ಪೊಲೀಸ್.

ಮಂಜುಳಾ: ಮೇಡಂ, ಕಳ್ಳತನದ ಅನುಮಾನ ಅಂತ ನನ್ನ ತಮ್ಮನನ್ನು ಠಾಣೆಗೆ ಕರೆದುಕೊಂಡು ಹೋಗಿ ಎರಡು ರಾತ್ರಿ ಇಟ್ಟುಕೊಂಡರು. ಅರೆಸ್ಟ್ ತೋರಿಸಿಲ್ಲ, ಕೋರ್ಟಿಗೂ ಕರೆದೊಯ್ದಿಲ್ಲ. ನಿನ್ನೆ ಬಿಟ್ಟರು. ಅಂಗಾಲು ಊದಿಕೊಂಡಿದೆ, ನಡೆಯೋಕಾಗ್ತಿಲ್ಲ. ಮಾನವ ಹಕ್ಕು ಆಯೋಗಕ್ಕೆ ಬರೆದು ಕಾಯೋಣ ಅಂತಿದ್ದೀವಿ.

ವಕೀಲೆ: ಕಾಯಬೇಡಿ ಮಂಜುಳಾ. ಬರೆಯುವುದು ನಾಳೆಯಾದರೂ ಆಗುತ್ತದೆ. ಗಾಯ ಮಾಗಿಬಿಟ್ಟರೆ ಆಮೇಲೆ ಯಾರ ಕೈಲೂ ಏನೂ ಆಗುವುದಿಲ್ಲ. ಈಗಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊಡೆದದ್ದು ಯಾರು, ಎಲ್ಲಿ ಅಂತ ತಮ್ಮನೇ ಡಾಕ್ಟರಿಗೆ ಹೇಳಲಿ. ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ, ಬರೆಸಿ. ಬಿದ್ದೆ ಅಂತ ಮಾತ್ರ ಹೇಳಿಸಬೇಡಿ, ಹೆದರಿ ಹಾಗೆ ಹೇಳುವವರೇ ಜಾಸ್ತಿ.

ಆಮೇಲೆ ಸಿಸಿಟಿವಿ. 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನಂತೆ ಠಾಣೆಯ ದೃಶ್ಯಗಳನ್ನು 18 ತಿಂಗಳು ಇಡಬೇಕು. ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಇಡುವಂತಿಲ್ಲ. ಕಾಗದದ ಮೇಲೆ ಇರುವ ಮಾತು ಇದು. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ನಾನು ಬೇಕಾದಷ್ಟು ಕೇಳಿದ್ದೇನೆ. ಅದಕ್ಕೇ ತಾರೀಖು, ಹೊತ್ತು ಹಾಕಿ, ದೃಶ್ಯ ಉಳಿಸಿ ಎಂದು ಇವತ್ತೇ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ. ಎಫ್‌ಐಆರ್ ಬೇಕೆಂದೂ ಅದರಲ್ಲೇ ಬರೆಯಿರಿ. ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗೋಣ.

ಆಯೋಗಕ್ಕೂ ಬರೆಯಿರಿ, ಘಟನೆಯಾಗಿ ಒಂದು ವರ್ಷದೊಳಗೆ. ಅದು ಸಿಸಿಟಿವಿ ತರಿಸಬಹುದು, ಅಧಿಕಾರಿಯನ್ನು ಕರೆಸಬಹುದು, ಪರಿಹಾರ ಕೊಡಿ ಎನ್ನಬಹುದು. ಜೈಲಿಗೆ ಕಳಿಸುವ ಅಧಿಕಾರ ಅದಕ್ಕಿಲ್ಲ. ಕೇಸಿಗೂ ಒಂದು ತಡೆ ಇದೆ. ಡ್ಯೂಟಿಗೆ ಸಂಬಂಧಪಟ್ಟ ಕೆಲಸ ಎನಿಸಿದರೆ, ಮಿತಿ ಮೀರಿದ್ದರೂ, ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುಮತಿ ಬೇಕು. 2020ರ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಲೆಕ್ಕಕ್ಕೇ ಇಲ್ಲದೆ ಕೂಡಿಹಾಕಿ ಹೊಡೆಯುವುದು ಎಂಥ ಡ್ಯೂಟಿ ಅಂತ ನಾವು ವಾದಿಸಬೇಕಾಗುತ್ತದೆ.

ಬಸವರಾಜ: ಫಾರ್ವರ್ಡ್ ಬಂದಿದೆ ನೋಡಿ. "ಈ ನಂಬರಿಗೆ ಮಿಸ್ಡ್ ಕಾಲ್ ಕೊಡಿ, 24 ಗಂಟೆಯಲ್ಲಿ ಎಸ್‌ಐ ಮನೆಗೆ!"

ವಕೀಲೆ: ದಯವಿಟ್ಟು ಅಳಿಸಿ. ಮಿಸ್ಡ್ ಕಾಲ್‌ಗೆ ಯಾರ ಕೆಲಸವೂ ಹೋಗುವುದಿಲ್ಲ. ಇಂಥದ್ದನ್ನು ನಂಬಿ ಕೂತವರಿಗೆ ವರ್ಷದ ಗಡುವು ಮುಗಿದುಹೋಗುತ್ತದೆ.

ಸುರೇಶ: ಎಲ್ಲರೂ ಪೊಲೀಸರ ಮೇಲೇ ಬೀಳಿ. ನಮ್ಮಣ್ಣ ಕಾನ್‌ಸ್ಟೇಬಲ್. ಹಬ್ಬಕ್ಕೂ ರಜೆ ಇಲ್ಲ, ಜೊತೆಗೆ ಸುಳ್ಳು ದೂರು ಬೇರೆ.

ಇಮ್ರಾನ್: ರಜೆ ಇಲ್ಲ ಅಂತ ಅಂಗಾಲಿಗೆ ಹೊಡೆಯೋದಾ?

ಸುರೇಶ: ನಾನು ಹಾಗೆ ಹೇಳಿದೆನಾ? ಆ ಹುಡುಗ ಕದ್ದಿಲ್ಲ ಅಂತ ನಿಮಗೆ ಗೊತ್ತಾ?

ಇಮ್ರಾನ್: ಕದ್ದಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕಿತ್ತು. ನಿಮ್ಮಣ್ಣನನ್ನೇ ಕೇಳಿ, ಗೊತ್ತಿರುತ್ತೆ.

ಸುರೇಶ: ಮನೆಯವರ ಸುದ್ದಿಗೆ ಬರಬೇಡಿ.

ಗೀತಾ: ಹೆಸರು ಹಾಕದೆ ದೂರು ಕೊಡಬಹುದಾ ಮೇಡಂ?

ನಾಗೇಶ್: ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಎರಡಕ್ಕೂ ಹಾಕಿದರೆ ಬೇಗ ಆಗುತ್ತಾ?

ವಕೀಲೆ: ಇಲ್ಲ. ರಾಜ್ಯ ಆಯೋಗದ ಮುಂದಿರುವುದನ್ನು ರಾಷ್ಟ್ರೀಯ ಆಯೋಗ ವಿಚಾರಿಸುವುದಿಲ್ಲ.

ಪ್ರವೀಣ: ಆಯೋಗ ಸಸ್ಪೆಂಡ್ ಮಾಡಬಹುದಾ?

ವಕೀಲೆ: ಮೇಲೆ ಓದಿ.

ಸುರೇಶ: ಮೇಡಂ, ಇಮ್ರಾನ್ ಅವರನ್ನು ಗ್ರೂಪಿಂದ ತೆಗೀರಿ.

ವಕೀಲೆ: ನಾನು ಅಡ್ಮಿನ್ ಅಲ್ಲ. ನಿಮ್ಮಿಬ್ಬರ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಮಂಜುಳಾ: ಆಸ್ಪತ್ರೆಯಲ್ಲಿದ್ದೀವಿ ಮೇಡಂ. ಠಾಣೆಯಿಂದ ಪತ್ರ ತಂದರೆ ಮಾತ್ರ ಎಂಎಲ್‌ಸಿ ಅಂತಿದ್ದಾರೆ.

ವಕೀಲೆ: ಠಾಣೆಯ ಪತ್ರ ಬೇಕಿಲ್ಲ. ಡ್ಯೂಟಿ ಡಾಕ್ಟರೇ ಬರೆಯಬಹುದು. ಒಪ್ಪದಿದ್ದರೆ ಅದನ್ನೇ ಒಂದು ಅರ್ಜಿ ಮಾಡಿ ಆಸ್ಪತ್ರೆಯ ಮುಖ್ಯಸ್ಥರಿಗೆ ಕೊಟ್ಟು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅಲ್ಲಿಂದ ಹೊರಡಬೇಡಿ, ನಾನೇ ಫೋನ್ ಮಾಡ್ತೀನಿ.