ಬಿ.ಪಿ. ರೋಗಿಗಳು ಎರಡನೇ ತಿಂಗಳಿನಿಂದ ಬರುವುದೇ ಇಲ್ಲ: ನಿಮ್ಮಲ್ಲಿ ಏನು ಮಾಡುತ್ತಿದ್ದೀರಿ?

ಪ್ರಶ್ನೆ: ವೈದ್ಯಾಧಿಕಾರಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಈ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಒಂದೂವರೆ ವರ್ಷವಾಯಿತು. 30 ವರ್ಷ ದಾಟಿದವರ ತಪಾಸಣೆ ನಮ್ಮಲ್ಲಿ ತಕ್ಕಮಟ್ಟಿಗೆ ನಡೆದಿದ್ದು, ರಕ್ತದೊತ್ತಡ ಪತ್ತೆಯಾದವರ ಹೆಸರುಗಳು ರಿಜಿಸ್ಟರ್‌ನಲ್ಲೂ ಪೋರ್ಟಲ್‌ನಲ್ಲೂ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ ಈ ತೊಂದರೆ ಇರುವುದರಿಂದ ಪಟ್ಟಿ ಉದ್ದವಾಗಿರುವುದು ಸಹಜವೇ. ಆದರೆ ಮೊದಲ ತಿಂಗಳು ಮಾತ್ರೆ ಒಯ್ದವರಲ್ಲಿ ಬಹಳ ಮಂದಿ ಎರಡನೆಯ ಅಥವಾ ಮೂರನೆಯ ತಿಂಗಳಿಗೆ ಕಾಣೆಯಾಗುತ್ತಾರೆ. ಯಾರು ತಪ್ಪಿಹೋದರೆಂದು ತಿಳಿಯಬೇಕಾದರೆ ರಿಜಿಸ್ಟರ್‌ನ ಪುಟಗಳನ್ನು ಒಂದೊಂದಾಗಿ ಮಗುಚಬೇಕು, ಅದಕ್ಕೆ ಪುರುಸೊತ್ತು ಇರುವುದಿಲ್ಲ. ಕೆಲವರು ಮತ್ತೆ ನಮ್ಮ ಕಣ್ಣಿಗೆ ಬೀಳುವುದು ಲಕ್ವ ಹೊಡೆದ ಮೇಲೆಯೇ. ಹೆಚ್ಚುವರಿ ಸಿಬ್ಬಂದಿ ಸಿಗುವ ಆಸೆ ನನಗಿಲ್ಲ. ಇರುವವರನ್ನೇ ಇಟ್ಟುಕೊಂಡು ಯಾರಾದರೂ ಇದನ್ನು ಸುಧಾರಿಸಿದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಹಿರಿಯ ವೈದ್ಯಾಧಿಕಾರಿ, ಹಾಸನ ಜಿಲ್ಲೆ

ಡಾಕ್ಟರೇ, ನಿಮ್ಮ ತೊಂದರೆಯ ಅರ್ಧ ಭಾಗ ರಿಜಿಸ್ಟರ್‌ನಲ್ಲಿಯೇ ಇದೆ. ಬಂದವರ ಹೆಸರನ್ನು ಬಂದ ದಿನಾಂಕದ ಪ್ರಕಾರ ಬರೆಯುವ ಪುಸ್ತಕದಲ್ಲಿ ಬಾರದವರ ಗುರುತು ಎಲ್ಲಿಯೂ ಬೀಳುವುದಿಲ್ಲ. ನಾವು ಪ್ರತಿ ರೋಗಿಗೆ ಒಂದು ಕಾರ್ಡ್ ಮಾಡಿ, ಅದನ್ನು ಹೆಸರಿನ ಪ್ರಕಾರವಾಗಲಿ ಊರಿನ ಪ್ರಕಾರವಾಗಲಿ ಜೋಡಿಸದೆ, ಮುಂದೆ ಬರಬೇಕಾದ ವಾರದ ಪ್ರಕಾರ ಮರದ ಪೆಟ್ಟಿಗೆಯ ಖಾನೆಗಳಲ್ಲಿ ಇಡುತ್ತೇವೆ. ರೋಗಿ ಬಂದರೆ ಒತ್ತಡ ಅಳೆದು, ಮಾತ್ರೆ ಕೊಟ್ಟು, ಕಾರ್ಡನ್ನು ಮುಂದಿನ ತಿಂಗಳ ಖಾನೆಗೆ ಸರಿಸುತ್ತೇವೆ. ವಾರ ಮುಗಿದಾಗ ಆ ಖಾನೆಯಲ್ಲಿ ಉಳಿದ ಕಾರ್ಡುಗಳೇ ತಪ್ಪಿಸಿಕೊಂಡವರ ಪಟ್ಟಿ. ಶನಿವಾರ ನರ್ಸ್ ಅವುಗಳನ್ನು ಊರುವಾರು ವಿಂಗಡಿಸಿ ಕೆಲವರಿಗೆ ತಾವೇ ಫೋನ್ ಮಾಡುತ್ತಾರೆ, ಉಳಿದವನ್ನು ಆಶಾ ಕಾರ್ಯಕರ್ತೆಯರಿಗೆ ಹಂಚುತ್ತಾರೆ. ಮುಂದಿನ ಭೇಟಿಯ ದಿನಾಂಕವನ್ನು ತಪ್ಪದೆ ತುಂಬಿಸಿದರೆ ಮೊಬೈಲ್ ಆ್ಯಪ್ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಪೆಟ್ಟಿಗೆಗೆ ನೆಟ್‌ವರ್ಕ್ ಬೇಕಿಲ್ಲ.

ಲೆಕ್ಕ ಹಾಕುವ ಕ್ರಮವನ್ನೂ ಬದಲಿಸಿಕೊಳ್ಳಿ. 2017ರಲ್ಲಿ ಐದು ರಾಜ್ಯಗಳಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮದಲ್ಲಿ, ಕಳೆದ ತ್ರೈಮಾಸಿಕದ ಕೊನೆಯ ಭೇಟಿಯಲ್ಲಿ 140/90ಕ್ಕಿಂತ ಕಡಿಮೆ ಇದ್ದವರನ್ನು ಮಾತ್ರ ನಿಯಂತ್ರಣದಲ್ಲಿರುವವರೆಂದು ಎಣಿಸುತ್ತಾರೆ. ಭಾಗಿಸುವಾಗ ಬಾರದವರನ್ನೂ ಸೇರಿಸಿಕೊಳ್ಳುತ್ತಾರೆ. ಬಂದವರನ್ನಷ್ಟೇ ಎಣಿಸಿದರೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ.

ಇನ್ನು ಮಾತ್ರೆಯ ದಾಸ್ತಾನು. 400 ರೋಗಿಗಳು ರಕ್ತದೊತ್ತಡ ಇಳಿಸುವ ಆಮ್ಲೋಡಿಪಿನ್ ಮಾತ್ರೆಯನ್ನು ದಿನಕ್ಕೊಂದು ನುಂಗಿದರೆ ತಿಂಗಳಿಗೆ 12,000, ಮೂರು ತಿಂಗಳಿಗೆ 36,000 ಮಾತ್ರೆ ಬೇಕು. ಹಿಂದಿನ ವರ್ಷ ಎಷ್ಟು ಖರ್ಚಾಯಿತೆಂದು ನೋಡಿ ಬೇಡಿಕೆ ಕಳುಹಿಸಿದರೆ, ಕಳೆದ ವರ್ಷ ತಪ್ಪಿಸಿಕೊಂಡವರು ಈ ವರ್ಷವೂ ಬರುವುದಿಲ್ಲವೆಂದು ನಾವೇ ತೀರ್ಮಾನಿಸಿದಂತಾಗುತ್ತದೆ. ಬೇಡಿಕೆ ನೋಂದಾಯಿತ ರೋಗಿಗಳ ಸಂಖ್ಯೆಯ ಮೇಲೆ ಹೋಗಬೇಕು. ಕೂಲಿ ಬಿಟ್ಟು ಬಂದವರಿಗೆ ಹತ್ತು ದಿನದ ಮಾತ್ರೆ ಕೊಟ್ಟು ‘ಸ್ಟಾಕ್ ಬಂದ ಮೇಲೆ ಬನ್ನಿ’ ಎಂದು ಕಳುಹಿಸಿದರೆ ಅವರು ಮತ್ತೆ ಬರುವುದಿಲ್ಲ.

ಉತ್ತರ: ಸಮುದಾಯ ಆರೋಗ್ಯ ಅಧಿಕಾರಿ, ರಾಯಚೂರು ಜಿಲ್ಲೆ

ಸರ್, ನಮ್ಮ ಭಾಗದಲ್ಲಿ ಮುಖ್ಯ ತೊಡಕು ದೂರ ಮತ್ತು ದಿನಗೂಲಿ. ನಾಲ್ಕೈದು ಮೈಲಿ ದೂರದಿಂದ ಬಂದು ಸಾಲಿನಲ್ಲಿ ನಿಂತು ಮಾತ್ರೆ ತೆಗೆದುಕೊಳ್ಳುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ಆದ್ದರಿಂದ ವೈದ್ಯರು ಮಾತ್ರೆ ಮತ್ತು ಪ್ರಮಾಣವನ್ನು ನಿರ್ಧರಿಸಿದ ಬಳಿಕ ಪ್ರತಿ ತಿಂಗಳ ಅಳತೆ ಮತ್ತು ಮಾತ್ರೆ ವಿತರಣೆಯನ್ನು ನಮ್ಮ ಉಪಕೇಂದ್ರದಲ್ಲಿಯೇ ಮಾಡುತ್ತೇವೆ. ಮೊದಲು ಇದಕ್ಕೆ ಬುಧವಾರ ಗೊತ್ತುಮಾಡಿದ್ದೆವು. ಅದನ್ನು ಸಂತೆಯ ದಿನಕ್ಕೆ ಬದಲಿಸಿದ ಮೇಲೆ ಬರುವವರು ಹೆಚ್ಚಿದರು. ಸಂತೆಗೆ ಹೇಗೂ ಬರುವವರು ಚೀಲ ಹಿಡಿದುಕೊಂಡೇ ನಮ್ಮಲ್ಲಿಗೂ ಬಂದು ಹೋಗುತ್ತಾರೆ.

ಗುಳೆ ಹೋಗುವವರದು ಬೇರೆಯೇ ಕಥೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಟವರನ್ನು ‘ಬಿಟ್ಟುಹೋದವರು’ ಎಂದು ಬರೆಯುವ ಮೊದಲು, ಹೊರಡುವ ಮುನ್ನವೇ ಅವರಿಗೆ ಎರಡು ಮೂರು ತಿಂಗಳ ಮಾತ್ರೆ ಕೊಟ್ಟು, ಮಾತ್ರೆಯ ಹೆಸರು ಮತ್ತು ಪ್ರಮಾಣವನ್ನು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದುಕೊಡುವುದು ಒಳ್ಳೆಯದು. ಅದನ್ನು ತೋರಿಸಿ ಅವರು ಅಲ್ಲಿನ ಯಾವುದೇ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯದಲ್ಲಿ ಮುಂದುವರಿಸಬಹುದು. ‘ಬಿಳಿ ಮಾತ್ರೆ, ಸಣ್ಣದು’ ಎಂದು ಹೇಳಿದರೆ ಅಲ್ಲಿಯ ವೈದ್ಯರಾದರೂ ಏನು ಮಾಡಿಯಾರು? ಫೋನ್ ಮಾಡುವಾಗ ಗದರಬೇಡಿ ಎಂದು ಆಶಾ ಕಾರ್ಯಕರ್ತೆಯರಿಗೆ ಹೇಳಿದ್ದೇನೆ. ‘ಯಾಕೆ ಬರಲಿಲ್ಲ’ ಎಂದರೆ ಎದುರಿನವರು ಫೋನ್ ಇಡುತ್ತಾರೆ. ‘ಮಾತ್ರೆ ಎಷ್ಟು ಉಳಿದಿವೆ’ ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ.

ಉತ್ತರ: ವೈದ್ಯ, ತಾಲ್ಲೂಕು ಆಸ್ಪತ್ರೆ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ತಕರಾರು ಇದೆ. ರೋಗಿ ತಿಂಗಳು ತಿಂಗಳು ತಪ್ಪದೆ ಬರುತ್ತಾನೆ, ಪ್ರತಿ ಬಾರಿಯೂ 160/100 ಇರುತ್ತದೆ, ನಾವು ಪ್ರತಿ ಬಾರಿಯೂ ‘ಅದೇ ಮಾತ್ರೆ ಮುಂದುವರಿಸಿ’ ಎಂದು ಬರೆಯುತ್ತೇವೆ. ನನ್ನಲ್ಲಿಗೆ ಬರುವ ಪುಸ್ತಕಗಳಲ್ಲಿ ಇದನ್ನೇ ಹೆಚ್ಚಾಗಿ ಕಾಣುತ್ತಿದ್ದೇನೆ. ಇದನ್ನು ಅನುಸರಣೆ ಎನ್ನಲು ಬರುವುದಿಲ್ಲ, ಇದು ಬರೀ ಹಾಜರಿ. ಆಮ್ಲೋಡಿಪಿನ್ 5 ಮಿ.ಗ್ರಾಂ.ನಿಂದ ಒಂದು ತಿಂಗಳಲ್ಲಿ ಗುರಿ ಮುಟ್ಟದಿದ್ದರೆ, ಮಾತ್ರೆಯನ್ನು ಸರಿಯಾಗಿ ನುಂಗುತ್ತಿದ್ದಾರೆಯೇ ಎಂದು ಖಚಿತಪಡಿಸಿಕೊಂಡು ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ. ಸೇರಿಸುವುದೋ ಪ್ರಮಾಣ ಹೆಚ್ಚಿಸುವುದೋ, ಚಿಕಿತ್ಸಾ ಕ್ರಮದ ಮುಂದಿನ ಮೆಟ್ಟಿಲು ಯಾವುದೋ ಅದನ್ನು ಆ ದಿನವೇ ಏರಬೇಕು. ಗರ್ಭಿಣಿಯರಿಗೆ ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರಿಗೆ ಟೆಲ್ಮಿಸಾರ್ಟಾನ್ ಕೊಡಬಾರದು ಎಂಬುದನ್ನು ಕಾರ್ಡಿನ ಮೇಲೆಯೇ ಅಚ್ಚು ಹಾಕಿಸಿ.

ಮೆಟ್ಟಿಲು ಏರುವ ಮೊದಲು ಅಳತೆ ಸರಿಯಿರಬೇಕು. ಬಿಸಿಲಿನಲ್ಲಿ ನಡೆದು ಬಂದವರ ತೋಳಿಗೆ ಬಂದ ತಕ್ಷಣ ಪಟ್ಟಿ ಸುತ್ತುವುದು ನಮ್ಮೆಲ್ಲರ ಅಭ್ಯಾಸ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡಿಸದೆ ಎರಡು ಬಾರಿ ಅಳೆಯಿರಿ. ಸ್ವಲ್ಪ ಹೊತ್ತಿಗೆ ಮುಂಚೆ ಕಾಫಿ ಕುಡಿದಿದ್ದಾರೆಯೇ, ತಂಬಾಕು ಹಾಕಿದ್ದಾರೆಯೇ ಎಂದೂ ಕೇಳಿ. ಹೊಲದ ಕೆಲಸದ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಒತ್ತಡವನ್ನು ಏರಿಸುತ್ತವೆ, ಮೂತ್ರಪಿಂಡಕ್ಕೂ ಕೆಡುಕು. ಅದನ್ನು ಕೇಳದೆ ಬಿ.ಪಿ. ಮಾತ್ರೆ ಹೆಚ್ಚಿಸುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವುದು ನಿಯಂತ್ರಣದಲ್ಲಿರುವವರಿಗೆ ಸರಿ. ಗುರಿ ಮುಟ್ಟದವರನ್ನು ತಿಂಗಳಿಗೊಮ್ಮೆ ನೋಡಲೇಬೇಕು.

ಉತ್ತರ: ನಿವೃತ್ತ ಶಿಕ್ಷಕಿ

ನಾನು ವೈದ್ಯಳಲ್ಲ, ಎಂಟು ವರ್ಷಗಳಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿರುವವಳು. ನಡುವೆ ಏಳು ತಿಂಗಳು ಬಿಟ್ಟಿದ್ದೆ. ಕಾರಣ ಸರಳ. ಒಂದು ದಿನ ಅಳೆದವರು ‘ಈಗ ನಾರ್ಮಲ್ ಇದೆ’ ಎಂದರು, ನಾನು ವಾಸಿಯಾಯಿತು ಎಂದುಕೊಂಡೆ. ಅದು ಮಾತ್ರೆಯಿಂದಲೇ ನಾರ್ಮಲ್ ಇರುವುದು, ಬಿಟ್ಟರೆ ಏರುತ್ತದೆ ಎಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಪಾದಗಳು ಊದಿಕೊಂಡಾಗ ನೆರೆಯವರು ಕಿಡ್ನಿ ಹೋಯಿತು ಎಂದು ಹೆದರಿಸಿದ್ದೂ ಒಂದು ಕಾರಣ. ಅದು ಆಮ್ಲೋಡಿಪಿನ್‌ನಿಂದ ಆಗುವ ಊತ, ವೈದ್ಯರಿಗೆ ಹೇಳಿದರೆ ಮಾತ್ರೆ ಬದಲಿಸಿ ಕೊಡುತ್ತಾರೆ ಎಂದು ತಿಳಿದದ್ದು ಬಹಳ ತಡವಾಗಿ. ಉಪ್ಪಿನ ವಿಷಯವೂ ಹಾಗೆಯೇ. ‘ಉಪ್ಪು ಕಡಿಮೆ ಮಾಡಿ’ ಎಂದವರು ಅನೇಕರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿ ಇರುವುದೂ ಉಪ್ಪೇ ಎಂದು ನೆನಪಿಸಿದವರು ಒಬ್ಬ ನರ್ಸ್ ಮಾತ್ರ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಪೆಟ್ಟಿಗೆಗೆ ಬಡಗಿಯವರಿಗೆ ಹೇಳಿದ್ದೇನೆ. ಕಳೆದ ವಾರದ ಕಾರ್ಡುಗಳನ್ನು ತೆಗೆದು ನೋಡಿದಾಗ, ತಾಲ್ಲೂಕು ಆಸ್ಪತ್ರೆಯ ವೈದ್ಯರು ಹೇಳಿದ ‘ಅದೇ ಮಾತ್ರೆ’ ನನ್ನ ಕೈಬರಹದಲ್ಲಿಯೇ ಹಲವು ಕಡೆ ಸಿಕ್ಕಿತು, ನಾಚಿಕೆಯಾಯಿತು. ಇನ್ನೊಂದು ಸಣ್ಣ ಸಂದೇಹ: ರಾಯಚೂರಿನ ಮೇಡಂ, ಗುಳೆ ಹೋದವರ ಕಾರ್ಡನ್ನು ಯಾವ ವಾರದ ಖಾನೆಯಲ್ಲಿ ಇಡಬೇಕು?

ಉತ್ತರ: ಸಮುದಾಯ ಆರೋಗ್ಯ ಅಧಿಕಾರಿ, ರಾಯಚೂರು ಜಿಲ್ಲೆ

ಸರ್, ವಾರದ ಖಾನೆಯಲ್ಲಿ ಇಡಬೇಡಿ, ಪ್ರತಿ ಶನಿವಾರ ವ್ಯರ್ಥವಾಗಿ ಹುಡುಕುವಂತಾಗುತ್ತದೆ. ಕೊನೆಯಲ್ಲಿ ಒಂದು ಖಾನೆಯನ್ನು ಬೇರೆ ಇರಿಸಿ, ಅದರ ಮೇಲೆ ನಿಮ್ಮ ಊರ ಜಾತ್ರೆಯ ಹೆಸರು ಬರೆಯಿರಿ. ಎಲ್ಲಿಗೆ ಹೋಗಿದ್ದರೂ ಜಾತ್ರೆಗೆ ಊರಿಗೆ ಬರುತ್ತಾರೆ. ಆ ಮೂರು ದಿನ ತೇರಿನ ಬೀದಿಯಲ್ಲಿ ಒಂದು ಮೇಜು, ಎರಡು ಕುರ್ಚಿ, ಬಿ.ಪಿ. ಯಂತ್ರ ಮತ್ತು ಆ ಖಾನೆಯ ಕಾರ್ಡುಗಳನ್ನು ಇಟ್ಟುಕೊಂಡು ನಾವೇ ಕೂರುತ್ತೇವೆ.