ಓದುಗರ ಸ್ಪಂದನ: ದೊಡ್ಡ ರೋಬೊನಾ, ಸಣ್ಣ ರೋಬೊನಾ?

ಸ್ಟ್ರೋಕ್ ಆದವರಿಗೆ ನೆರವಾಗುವ ರೋಬೊಗಳ ಮೇಲೆ ಪಿಎಚ್‌ಡಿ ಮಾಡಲು ಹೊರಟ ಎಂಜಿನಿಯರ್ ಒಬ್ಬರು ಕಳೆದ ಸಂಚಿಕೆಯಲ್ಲಿ ಸಲಹೆ ಕೇಳಿದ್ದರು. ಎರಡು ಕಡೆ ಸೀಟು ಸಿಕ್ಕಿದೆ. ಒಂದು ಲ್ಯಾಬಿನಲ್ಲಿ ಮೈಗೆ ತೊಡುವ ಎಕ್ಸೋಸ್ಕೆಲಿಟನ್ ಇದೆ, ಫೆಲೋಶಿಪ್ಪೂ ಜಾಸ್ತಿ. ಇನ್ನೊಂದರಲ್ಲಿರುವುದು ಕೈ ಆಡಿಸುವ ಸಣ್ಣ ಯಂತ್ರ, ಆದರೆ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗ ಜೊತೆಗಿದೆ. ಮೊದಲ ಪತ್ರ ಉದ್ದವಾಗಿದೆ. ಕತ್ತರಿಸಲು ಮನಸ್ಸು ಬರಲಿಲ್ಲ. (ಸಂ.)

ತಮ್ಮಾ, ನಾನು ನಿನ್ನ ಮೊದಲನೇ ಲ್ಯಾಬಿನಂಥ ಕಡೆಯೇ ನಾಲ್ಕು ವರ್ಷ ಇದ್ದೆ. ಮೊಣಕೈ ಆಡಿಸುವ ಯಂತ್ರ ಮಾಡಿದೆ. ಪರೀಕ್ಷೆಗೆ ಕೂರುತ್ತಿದ್ದವರು ಜೊತೆಗಾರರೇ, ಎಲ್ಲರ ಕೈಯೂ ಗಟ್ಟಿಮುಟ್ಟು. ಗ್ರಾಫ್ ಚೆಂದ ಬರುತ್ತಿತ್ತು. ರೋಗಿಗಳ ಮೇಲೆ ಪರೀಕ್ಷಿಸಲು ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದ್ದು ಮೂರನೇ ವರ್ಷ. ಒಪ್ಪಿಗೆ ಬರುವಷ್ಟರಲ್ಲಿ ಫೆಲೋಶಿಪ್ ಮುಗಿಯುತ್ತಾ ಬಂದಿತ್ತು.

ಮೊದಲ ರೋಗಿ ಬಂದರು. ಮುಷ್ಟಿ ಬಿಗಿದೇ ಇತ್ತು. ಯಂತ್ರದ ಹಿಡಿಯನ್ನು ಅವರ ಕೈಗೆ ಕೊಡಲೇ ಆಗಲಿಲ್ಲ. ಜೊತೆಗೆ ಬಂದಿದ್ದ ಫಿಸಿಯೋ ಅವರ ಮಣಿಕಟ್ಟನ್ನು ಒಳಕ್ಕೆ ಬಾಗಿಸಿ, ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಹೊರಗೆ ತಂದರು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ನನ್ನ ಪ್ರೋಗ್ರಾಮಿನಲ್ಲಿ ಆ ಹೆಬ್ಬೆರಳಿಗೆ ಜಾಗವೇ ಇರಲಿಲ್ಲ.

ಇನ್ನೊಂದು. ಯಂತ್ರವೇ ಕೈಯನ್ನು ಪೂರ್ತಿ ಎಳೆದುಕೊಂಡು ಹೋದರೆ ರೋಗಿ ಸುಮ್ನೆ ಕೂತುಬಿಡುತ್ತಾರೆ. ದುಡಿಮೆ ಮೋಟರಿನದು, ಮೆದುಳಿಗೆ ರಜೆ. ಬೇಕಾದಷ್ಟೇ ನೆರವು ಕೊಡಬೇಕು ಅಂತ ಪೇಪರುಗಳಲ್ಲಿ ಓದಿದ್ದೆ, ಕಣ್ಣಾರೆ ಕಂಡಿದ್ದು ಆವತ್ತು. ಅಮೆರಿಕದ ಎಂಐಟಿಯಲ್ಲಿ ಹೋಗನ್, ಕ್ರೆಬ್ಸ್ ಅನ್ನೋ ಎಂಜಿನಿಯರುಗಳು ಮಾಡಿದ ಎಂಐಟಿ-ಮೇನಸ್ ರೋಬೊ ಕೂಡ ನೋಡಲು ಸಾಧಾರಣವೇ, ಮೇಜಿನ ಮಟ್ಟದಲ್ಲಿ ಕೈ ಆಡಿಸುವ ಯಂತ್ರ. 1990ರ ದಶಕದಲ್ಲೇ ಅದನ್ನು ರೋಗಿಗಳ ಹತ್ತಿರ ಒಯ್ದರು. ನಾನು ಒಯ್ಯಲಿಲ್ಲ. ಪಿಎಚ್‌ಡಿ ಮುಗಿಯಲೂ ಇಲ್ಲ.

ಮುಂದಿನ ಪತ್ರ ಎರಡೇ ಸಾಲು. (ಸಂ.)

ಎರಡೆರಡು ಸೀಟು ಇಟ್ಟುಕೊಂಡು ಗೋಳಾಡುವುದು ನಿಲ್ಲಿಸಿ. ಒಂದೂ ಸಿಗದವರು ಇದನ್ನು ಓದುತ್ತಿದ್ದೇವೆ.

ಕೋಪದಲ್ಲಿ ನ್ಯಾಯವಿದೆ. ಮುಂದಿನವರು ಫಿಸಿಯೋಥೆರಪಿಸ್ಟ್. (ಸಂ.)

ರೋಬೊ ಬಂದರೆ ನಮ್ಮ ಕೆಲಸ ಹೋಗುತ್ತಾ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಸ್ಟ್ರೋಕ್ ಆದ 770 ಜನರ ಮೇಲೆ ನಡೆದ ರ್‍ಯಾಟಲ್ಸ್ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ರೋಬೊ ಬಳಸಿದವರ ಫುಗ್ಲ್-ಮೇಯರ್ ಅಂಕ, ಅಂದರೆ ಕೈಯ ಚಲನೆ ಎಷ್ಟು ಮರಳಿದೆ ಅಂತ ಅಳೆಯುವ ಅಂಕ, ಏನೋ ಏರಿತ್ತು. ಆದರೆ ದಿನನಿತ್ಯದ ಕೆಲಸಗಳಲ್ಲಿ ಅವರು ಎಂದಿನ ಚಿಕಿತ್ಸೆ ಪಡೆದವರಿಗಿಂತ ಮುಂದೆ ಹೋಗಲಿಲ್ಲ. ಅಂಕ ಏರಿದರೂ ಅಂಗಿಯ ಗುಂಡಿ ಹಾಕಲು ಯಾಕೆ ಬರಲ್ಲ? ಪಿಎಚ್‌ಡಿಗೆ ಇದಕ್ಕಿಂತ ಒಳ್ಳೇ ಪ್ರಶ್ನೆ ಬೇಕಾ?

ಮತ್ತಿಬ್ಬರ ಚುಟುಕು ಮಾತು. (ಸಂ.)

ಲ್ಯಾಬ್ ಯಾವುದಾದರೂ ಆಗಲಿ, ಗೈಡ್ ಹೇಗೆ ಅಂತ ವಿಚಾರಿಸಿದಿರಾ? ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಎಷ್ಟು ವರ್ಷ ಹಿಡಿಯಿತು, ಎಷ್ಟು ಜನ ನಡುವೆ ಬಿಟ್ಟರು, ಕೇಳಿ.

ಫೆಲೋಶಿಪ್ ಜಾಸ್ತಿ ಇರುವ ಕಡೆ ಹೋಗಿ. ಹೊಟ್ಟೆ ತುಂಬಿದ ಮೇಲೆ ಉಳಿದದ್ದು.

ಕೊನೆಯದು ಎಡಗೈ ಸ್ವಾಧೀನ ತಪ್ಪಿದ ಓದುಗರೊಬ್ಬರದು. ಬಲಗೈಯಲ್ಲಿ ಬರೆದಿದ್ದಾರೆ. (ಸಂ.)

ಯಾವ ಯಂತ್ರವಾದರೂ ಮಾಡು ಮಗೂ. ಕಟ್ಟಿಕೊಳ್ಳೋಕೆ ಇನ್ನೊಬ್ಬರು ಬೇಕು ಅನ್ನೋ ಹಾಗೆ ಮಾಡಬೇಡ. ನನಗೆ ಕೆಲಸ ಮಾಡುವ ಕೈ ಇರುವುದು ಒಂದೇ. ಬೆಲ್ಟನ್ನು ಆ ಕೈಯಲ್ಲೇ ಎಳೆದು ನೋಡು, ಆಮೇಲೆ ಮಾತಾಡೋಣ.

ಪ್ರಶ್ನೆ ಕೇಳಿದವರು ಮತ್ತೆ ಬರೆದಿದ್ದಾರೆ. ಇನ್ನೂ ತೀರ್ಮಾನ ಮಾಡಿಲ್ಲವಂತೆ. ಎರಡನೇ ಲ್ಯಾಬಿನವರ ಫಿಸಿಯೋ ಕೊಠಡಿಯಲ್ಲಿ ಒಂದು ದಿನ ಕೂತು ನೋಡಲು ಅನುಮತಿ ಕೇಳಿದ್ದಾರೆ. (ಸಂ.)